ಕಚ್ಚಾ ಅಡತಿ, ಪಕ್ಕಾ ಅಡತಿ: ಕಾಣದ ವರ್ತಕನನ್ನು ನಂಬುವ ಬಗೆ

ವಾಣಿಜ್ಯದ ಚರಿತ್ರೆಯನ್ನು ಬರೆದವರು ಸರಕು, ಸುಂಕ, ನಾಣ್ಯ, ಸಾಗಣೆಯ ಮಾರ್ಗ ಇವುಗಳ ಬಗೆಗೆ ವಿಪುಲವಾಗಿ ಬರೆದಿದ್ದಾರೆ. ಕೊಳ್ಳುವವನು ಮಾರುವವನನ್ನು ಏಕೆ ನಂಬಿದನು ಎಂಬ ಪ್ರಶ್ನೆಗೆ ಅವರ ಗ್ರಂಥಗಳಲ್ಲಿ ದೊರೆತಿರುವ ಸ್ಥಳ ಅಲ್ಪವಾದುದು. ನಂಬಿಕೆಯು ನಡೆಯುತ್ತಿರುವಷ್ಟು ಕಾಲ ದಾಖಲೆಗಳಲ್ಲಿ ಕಾಣಿಸಿಕೊಳ್ಳುವುದಿಲ್ಲ. ಅದು ಮುರಿದುಬಿದ್ದಾಗ ಮಾತ್ರ ತಕರಾರು ಅರ್ಜಿಯ, ವ್ಯಾಜ್ಯದ, ಹೊಸ ಕಾಯಿದೆಯ ರೂಪದಲ್ಲಿ ಕಾಗದಕ್ಕೆ ಇಳಿಯುತ್ತದೆ. ಆದ್ದರಿಂದ ನಂಬಿಕೆಯ ಚರಿತ್ರೆಯನ್ನು ಅರಿಯಬೇಕಾದವನು ಹೆಚ್ಚಾಗಿ ಮೋಸದ ಚರಿತ್ರೆಯನ್ನೇ ಓದಬೇಕಾಗುತ್ತದೆ.

ಇಂದು ಹುಬ್ಬಳ್ಳಿ-ಧಾರವಾಡದ ಮನೆಮನೆಗಳಲ್ಲಿ ಜನರು ತಾವೆಂದೂ ಕಂಡಿರದ ವರ್ತಕರಿಂದ ಅಂತರ್ಜಾಲದ ಮೂಲಕ ಬಟ್ಟೆ, ಪಾತ್ರೆ, ಪುಸ್ತಕ, ಔಷಧ ಎಲ್ಲವನ್ನೂ ತರಿಸಿಕೊಳ್ಳುತ್ತಿದ್ದಾರೆ. ಮಾರುವವನು ಸೂರತ್ತಿನಲ್ಲಿರಬಹುದು, ತಿರುಪ್ಪೂರಿನಲ್ಲಿರಬಹುದು. ಕೊಳ್ಳುವವರಿಗೆ ಅದು ತಿಳಿಯದು, ತಿಳಿಯಬೇಕೆಂದು ಅನ್ನಿಸುವುದೂ ಇಲ್ಲ. ಇದೊಂದು ಹೊಸ ಕಾಲದ ಹೊಸ ಸಮಸ್ಯೆಯೆಂದು ಅನೇಕರು ಭಾವಿಸಿದ್ದಾರೆ. ಆದರೆ ಕಾಣದ ವರ್ತಕನನ್ನು ನಂಬುವ ಕಷ್ಟವನ್ನು ಈ ಅವಳಿ ನಗರಗಳು ಬಹು ಹಿಂದೆಯೇ ಅನುಭವಿಸಿವೆ. ಅದಕ್ಕೆ ಇಲ್ಲಿಯ ಪೇಟೆ ಕಂಡುಕೊಂಡ ಪರಿಹಾರವೊಂದಿದೆ. ಅದನ್ನು ಓದುಗರ ನೆನಪಿಗೆ ತರುವುದು ಈ ಲೇಖನದ ಉದ್ದೇಶ.

ಈ ವಿಚಾರ ನನ್ನ ಮನಸ್ಸಿಗೆ ಬಂದುದು ಒಂದು ಸೀರೆಯ ನಿಮಿತ್ತವಾಗಿ. ನನ್ನ ತಂಗಿಯ ಮಗಳು ತನ್ನ ನಾದಿನಿಯ ಮದುವೆಗೆಂದು ಇಳಕಲ್ ಸೀರೆಯೊಂದನ್ನು ಅಂತರ್ಜಾಲದಲ್ಲಿ ನೋಡಿ, ಮುಂಗಡವಾಗಿಯೇ ಹಣ ಸಲ್ಲಿಸಿ ತರಿಸಿದಳು. ಕೈಮಗ್ಗದ ರೇಷ್ಮೆ ಸೆರಗಿನದೆಂದು ವರ್ಣಿಸಲಾಗಿದ್ದ ಆ ಸೀರೆ ಯಂತ್ರಮಗ್ಗದ ಕೃತಕ ನೂಲಿನದಾಗಿತ್ತು. ದೂರು ಕೊಟ್ಟಾಗ ಆ ವ್ಯಾಪಾರ ತಾಣದವರು, ತಾವು ಸ್ಥಳ ಒದಗಿಸುವವರು ಮಾತ್ರ, ಮಾರಿದವರು ಬೇರೆ, ಅವರನ್ನೇ ಕೇಳಬೇಕು ಎಂದು ಉತ್ತರಿಸಿದರು. ಮಾರಿದವರ ದೂರವಾಣಿಗೆ ಉತ್ತರ ಬರಲಿಲ್ಲ. "ಮಾಮಾ, ಮಾರಿದವರು ಯಾರು ಅಂತ ನಾ ನೋಡೇ ಇದ್ದಿಲ್ಲ. ಆ ದೊಡ್ಡ ಹೆಸರು ನೋಡಿ ತೊಗೊಂಡೆ," ಎಂದಳು ಆಕೆ. ಇಡೀ ಸಮಸ್ಯೆ ಆ ಮಾತಿನಲ್ಲಿದೆ. ಆಕೆ ನಂಬಿದ್ದು ಒಬ್ಬರನ್ನು. ಹೊಣೆಗಾರರೆಂದು ತೋರಿಸಲ್ಪಟ್ಟವರು ಇನ್ನೊಬ್ಬರು.

ಹುಬ್ಬಳ್ಳಿಯ ಪೇಟೆಯನ್ನು ಬಲ್ಲವರಿಗೆ 'ಅಡತಿ' ಎಂಬ ಶಬ್ದ ಅಪರಿಚಿತವಲ್ಲ. ರೈತನ ಮಾಲನ್ನು ತನ್ನ ಅಂಗಡಿಯಲ್ಲಿ ಇಳಿಸಿಕೊಂಡು, ಕೊಳ್ಳುವವರಿಗೆ ಮಾರಿಸಿ, ಅದಕ್ಕಾಗಿ ಕಮಿಷನ್ ಪಡೆಯುವುದು ಅಡತಿ ವ್ಯವಹಾರ. ಹೊರಗಿನ ಊರಿನ ವರ್ತಕನು ಪತ್ರ ಬರೆದರೆ ಅವನ ಪರವಾಗಿ ಇಲ್ಲಿ ಖರೀದಿ ಮಾಡಿ ಕಳುಹಿಸುವುದೂ ಇದರಲ್ಲಿ ಸೇರುತ್ತದೆ. ಮುಂಬಯಿ ಪ್ರಾಂತದ ವಾಣಿಜ್ಯದಲ್ಲಿ ಈ ಅಡತಿಗೆ ಎರಡು ಬಗೆಗಳಿದ್ದವು. ಕಚ್ಚಾ ಅಡತಿಯವನು ಕೇವಲ ನಡುವಿನವನು. ವ್ಯವಹಾರವನ್ನು ಕೂಡಿಸಿಕೊಟ್ಟು, ಎದುರು ಪಕ್ಷ ಯಾರೆಂಬುದನ್ನು ತಿಳಿಸಿ, ತನ್ನ ಕಮಿಷನ್ ಪಡೆದು ನಿಲ್ಲುವವನು. ಪಕ್ಕಾ ಅಡತಿಯವನು ಹಾಗಲ್ಲ. ತನ್ನ ಗಿರಾಕಿಯ ಮಟ್ಟಿಗೆ ಅವನೇ ಎದುರು ಪಕ್ಷ. ಮಾಲು ಬಾರದಿದ್ದರೆ, ದರದ ವ್ಯತ್ಯಾಸ ತುಂಬಬೇಕಾಗಿ ಬಂದರೆ, ಮೂರನೆಯವನು ಕೈಯೆತ್ತಿದನೆಂದು ಹೇಳಿ ಅವನು ಪಾರಾಗುವಂತಿರಲಿಲ್ಲ. ಈ ರೂಢಿಯನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವೂ ಪರಿಶೀಲಿಸಿ ಎತ್ತಿಹಿಡಿಯಿತು. ಧಾರವಾಡ ಜಿಲ್ಲೆ ಆಗ ಆ ಪ್ರಾಂತಕ್ಕೇ ಸೇರಿತ್ತೆಂಬುದನ್ನು ಓದುಗರು ಬಲ್ಲರು.

ನನ್ನ ತಂದೆಯವರು ಹುಬ್ಬಳ್ಳಿಯ ಒಂದು ಅಡತಿ ಅಂಗಡಿಯಲ್ಲಿ ಬಹುಕಾಲ ಗುಮಾಸ್ತರಾಗಿದ್ದರು. ಅವರು ಹೇಳುತ್ತಿದ್ದ ಒಂದು ಪ್ರಸಂಗ ಇದು. ಕೊಲ್ಲಾಪುರದ ಕಡೆಯ ಒಬ್ಬ ವರ್ತಕನು ಒಂದು ಕಾರ್ಡು ಬರೆದು ಶೇಂಗಾ ತರಿಸಿದನು. ಮಾಲು ಮುಟ್ಟಿದ ಮೇಲೆ ಕೆಲವು ಚೀಲಗಳ ತಳದಲ್ಲಿ ಮಣ್ಣಿನ ಹೆಂಟೆ ಹೊರಟಿತು. ರೈತನು ಹಣ ಎಣಿಸಿಕೊಂಡು ಊರಿಗೆ ಹೋಗಿ ವಾರವಾಗಿತ್ತು. ಮಾಲೀಕರು ಪತ್ರವನ್ನು ಓದಿ, ವ್ಯತ್ಯಾಸದ ಹಣವನ್ನು ಮನಿಯಾರ್ಡರ್ ಮಾಡಿಸಿ, ಕೀರ್ದಿಯಲ್ಲಿ ಅದನ್ನು 'ಅಂಗಡಿ ಖರ್ಚು' ಎಂದು ಬರೆಯಲು ಹೇಳಿದರಂತೆ. ರೈತನ ಖಾತೆಗೆ ಏಕೆ ಹಾಕಬಾರದೆಂದು ತಂದೆಯವರು ಕೇಳಿದಾಗ, "ಅವರು ಮಾಲ ತರಿಸಿದ್ದು ನಮ್ಮ ಹೆಸರ ಮ್ಯಾಲೆ," ಎಂದಷ್ಟೇ ಉತ್ತರ ಬಂದಿತು. ಆ ಮಾಲೀಕರನ್ನು ಮಹಾತ್ಮರೆಂದು ಚಿತ್ರಿಸುವ ಉದ್ದೇಶ ನನಗಿಲ್ಲ. ಸಂಬಳ ಹೆಚ್ಚಿಸುವ ವಿಷಯದಲ್ಲಿ ಅವರು ತೀರ ಬಿಗಿ ಕೈಯವರಾಗಿದ್ದರೆಂಬುದನ್ನೂ ತಂದೆಯವರು ಹೇಳದೆ ಬಿಡುತ್ತಿರಲಿಲ್ಲ. ಅವರು ಮಾಡಿದ್ದು ವ್ಯವಹಾರದ ಲೆಕ್ಕ. ಕೊಲ್ಲಾಪುರದ ಗಿರಾಕಿ ರೈತನನ್ನು ಎಂದೂ ಕಂಡಿರಲಿಲ್ಲ, ಮುಂದೆ ಕಾಣುವವನೂ ಅಲ್ಲ. ಅವನ ಕಣ್ಣಿಗೆ ಇದ್ದುದು ಅಂಗಡಿಯ ಹೆಸರೊಂದೇ.

ಈ ಬಗೆಯ ನಡುವಿನ ಹೊಣೆಗಾರಿಕೆ ನಮ್ಮ ನಾಡಿನಲ್ಲಿ ಬಹಳ ಹಳೆಯದು. ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರು ದಕ್ಷಿಣ ಭಾರತದ ಉದ್ದಗಲಕ್ಕೂ ವ್ಯಾಪಾರ ಮಾಡುತ್ತಿದ್ದ ವರ್ತಕರ ಸಂಘ. ಹನ್ನೊಂದು, ಹನ್ನೆರಡನೆಯ ಶತಮಾನಗಳ ಅನೇಕ ಶಾಸನಗಳಲ್ಲಿ ದೇವಾಲಯಗಳಿಗೂ ಬಸದಿಗಳಿಗೂ ಅವರು ಬಿಟ್ಟ ದತ್ತಿಗಳ ಉಲ್ಲೇಖವಿದೆ. ದೂರದ ಪಟ್ಟಣಕ್ಕೆ ಬಂದ ಅಪರಿಚಿತ ವರ್ತಕನನ್ನು ಅಲ್ಲಿಯವರು ವ್ಯಕ್ತಿಯಾಗಿ ಅರಿಯುತ್ತಿರಲಿಲ್ಲ, ಸಂಘದವನೆಂದು ಅರಿಯುತ್ತಿದ್ದರು. ಧಾರವಾಡದ ನೆರೆಯ ಲಕ್ಕುಂಡಿಯ ಟಂಕಸಾಲೆಯಿಂದ ಹೊರಟ ನಾಣ್ಯ 'ಲೊಕ್ಕಿ ಗದ್ಯಾಣ'ವೆಂದು ಊರಿನ ಹೆಸರಿನಿಂದಲೇ ನಡೆಯಿತು. ಅದನ್ನು ಅಚ್ಚುಮಾಡಿದ ಅಕ್ಕಸಾಲಿಗನನ್ನು ಯಾರೂ ವಿಚಾರಿಸಲಿಲ್ಲ.

ಹುಂಡಿಯ ವ್ಯವಹಾರದಲ್ಲಿ ಈ ತತ್ತ್ವ ಇನ್ನೂ ಸ್ಪಷ್ಟ. ಹುಬ್ಬಳ್ಳಿಯಲ್ಲಿ ನೆಲೆಸಿದ ಗುಜರಾತಿ, ಮಾರವಾಡಿ ವರ್ತಕರ ಹಳೆಯ ಮನೆಗಳಲ್ಲಿ ಹಿರಿಯರು ಇಂದಿಗೂ 'ಶಾಹಜೋಗ' ಎಂಬ ಶಬ್ದವನ್ನು ನೆನಪಿಟ್ಟುಕೊಂಡಿರಬಹುದು. ಶಾಹಜೋಗ ಹುಂಡಿಯ ಹಣ ಅದನ್ನು ತಂದ ಯಾರಿಗಾದರೂ ಸಲ್ಲುತ್ತಿರಲಿಲ್ಲ. ಪೇಟೆಯಲ್ಲಿ ಪ್ರತಿಷ್ಠೆಯುಳ್ಳ ಒಬ್ಬ 'ಶಾಹ'ನ ಮೂಲಕವೇ ಬರಬೇಕಾಗಿತ್ತು. ಹುಂಡಿ ಕಳವಿನದೋ ಖೋಟಾವೋ ಎಂದು ಮುಂದೆ ತಿಳಿದುಬಂದರೆ ಹಣ ಹಿಂದಿರುಗಿಸುವ ಹೊಣೆ ಆ ಶಾಹನದು. 1881ರಲ್ಲಿ ಆಂಗ್ಲ ಸರಕಾರ ವರ್ಗಾವಣೀಯ ಲಿಖಿತಗಳ ಕಾಯಿದೆಯನ್ನು ರಚಿಸಿದಾಗಲೂ ದೇಶೀ ಭಾಷೆಗಳ ಹುಂಡಿಗಳ ಸ್ಥಳೀಯ ರೂಢಿಗೆ ಬಾಧೆ ಬಾರದಂತೆ ಮೊದಲ ಕಲಮಿನಲ್ಲಿಯೇ ವಿನಾಯಿತಿ ಇಟ್ಟಿತು.

ಆದರೆ ನಡುವೆ ಹೊಣೆ ಹೊರುವವನೇ ಇಲ್ಲದಿದ್ದರೆ ಏನಾಗುತ್ತದೆ? ಇದಕ್ಕೆ ಉತ್ತರ ಬೇಕಾದವರು ಧಾರವಾಡದ ಹತ್ತಿಯ ಕಥೆಯನ್ನು ಓದಬೇಕು.

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಈ ಭಾಗದ ಹತ್ತಿ ಎತ್ತುಗಳ ಮೇಲೆ ಘಟ್ಟವಿಳಿದು ಕುಮಟಾ ಬಂದರನ್ನು ಸೇರಿ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ಬಯಲುಸೀಮೆಯಲ್ಲಿ ಬೆಳೆದ ಹತ್ತಿಗೆ ಬಂದರದ ಹೆಸರೇ ಅಂಟಿ, ಅದು 'ಕುಮಟಾ ಹತ್ತಿ' ಎಂದು ಪ್ರಸಿದ್ಧವಾಯಿತು. 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯ ಬೀಜವನ್ನು ಧಾರವಾಡ ಸೀಮೆಯಲ್ಲಿ ಬಿತ್ತಿಸಿತು. ಭಾರತದ ಅನೇಕ ಕಡೆ ಸೋತ ಈ ಪ್ರಯೋಗ ಇಲ್ಲಿಯ ಎರೆಭೂಮಿಯಲ್ಲಿ ಫಲಿಸಿತು. 'ಧಾರವಾರ್ ಅಮೆರಿಕನ್' ಎಂಬ ಹೊಸ ಹೆಸರು ಲಿವರ್‌ಪೂಲಿನ ಪೇಟೆಯಲ್ಲಿ ಕೇಳಿಬರತೊಡಗಿತು. ಅದರ ಬೀಜ ಬೇರ್ಪಡಿಸುವ ಗರಗಸದ ಯಂತ್ರಗಳನ್ನು ತಯಾರಿಸಲು, ದುರಸ್ತಿ ಮಾಡಲು ಧಾರವಾಡದಲ್ಲಿಯೇ ಸರಕಾರಿ ಕಾರ್ಖಾನೆ ನಡೆಯಿತು.

ಲಂಕಾಶೈರಿನ ಗಿರಣಿಯವನ ಸ್ಥಿತಿಯನ್ನು ಊಹಿಸಿಕೊಳ್ಳಬೇಕು. ನವಲಗುಂದದ ರೈತ, ಹುಬ್ಬಳ್ಳಿಯ ದಲಾಲ, ಕುಮಟೆಯ ಸಾಗಣೆಗಾರ, ಮುಂಬಯಿಯ ರಫ್ತುದಾರ ಇವರಲ್ಲಿ ಯಾರನ್ನೂ ಅವನು ಕಂಡಿರಲಿಲ್ಲ. ಅವನ ಮುಂದೆ ಬಂದು ಬೀಳುತ್ತಿದ್ದುದು ಒತ್ತಿ ಕಟ್ಟಿದ ಒಂದು ಬೇಲು, ಅದರ ಮೇಲೊಂದು ಹೆಸರು. ಒಳಗೆ ಏನಿದೆಯೆಂದು ತಿಳಿಯಲು ಬೇಲನ್ನು ಬಿಚ್ಚಬೇಕು. ಬಿಚ್ಚುವ ಹೊತ್ತಿಗೆ ಹಣ ಸಂದಾಯವಾಗಿರುತ್ತಿತ್ತು. ಇಂದು ಚಿತ್ರ ನೋಡಿ ಸೀರೆ ತರಿಸುವ ಗೃಹಿಣಿಯ ಸ್ಥಿತಿಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಅಲ್ಲಿಯ ಹತ್ತಿ ನಿಂತುಹೋದೊಡನೆ ಇಲ್ಲಿಯ ಹತ್ತಿಯ ದರ ಹಲವು ಪಟ್ಟು ಏರಿತು. ಏರಿದ ದರದೊಂದಿಗೆ ಕಲಬೆರಕೆಯೂ ಏರಿತು. ಹತ್ತಿಗೆ ಬೀಜ ಬೆರೆಸುವುದು, ಮಣ್ಣು ಬೆರೆಸುವುದು, ತೂಕ ಬರಲೆಂದು ನೀರು ಚಿಮುಕಿಸುವುದು, ಉದ್ದನೆಯ ಎಳೆಯ ಹತ್ತಿಯಲ್ಲಿ ಗಿಡ್ಡ ಎಳೆಯದನ್ನು ಸೇರಿಸುವುದು, ಬೇಲಿನ ಹೊರಮೈಗೆ ಒಳ್ಳೆಯದನ್ನಿಟ್ಟು ನಡುವೆ ಕಸವನ್ನು ತುಂಬುವುದು, ಇವೆಲ್ಲ ಆ ಕಾಲದ ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಕುಮಟಾ ಹತ್ತಿಯನ್ನೂ ಅಮೆರಿಕನ್ ಹತ್ತಿಯನ್ನೂ ಬೆರೆಸಿ ಮಾರಿದ್ದರಿಂದ ಬೀಜವೂ ಬೆರೆಯಿತು. ಬೆರೆತ ಬೀಜವನ್ನೇ ರೈತನು ಮರುವರ್ಷ ಬಿತ್ತಿದನು. ಪೇಟೆಯಲ್ಲಿ ಮಾಡಿದ ಮೋಸ ಹೀಗೆ ಹೊಲಕ್ಕೆ ಹಿಂದಿರುಗಿತು.

ಇದರಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಕೊಳ್ಳುವವನಿಗೆ ಶುದ್ಧ ಬೇಲಿಗೂ ಕಲಬೆರಕೆಯ ಬೇಲಿಗೂ ಭೇದ ತಿಳಿಯದಿದ್ದಾಗ ಅವನು ಆ ಹೆಸರಿನ ಎಲ್ಲ ಬೇಲುಗಳಿಗೂ ದರ ಇಳಿಸುತ್ತಾನೆ. ಆಗ ಶುದ್ಧ ಮಾಲು ತಂದವನಿಗೆ ಅವನ ಶ್ರಮದ ಬೆಲೆ ಬರುವುದಿಲ್ಲ. ಒಂದೆರಡು ಹಂಗಾಮು ಸಹಿಸಿ ಅವನೂ ನೀರು ಚಿಮುಕಿಸಲಾರಂಭಿಸುತ್ತಾನೆ, ಇಲ್ಲವೆ ಆ ವ್ಯಾಪಾರವನ್ನೇ ಬಿಡುತ್ತಾನೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ ಇದೇ ತರ್ಕವನ್ನು 1970ರಲ್ಲಿ ಹಳೆಯ ಕಾರುಗಳ ಪೇಟೆಯ ಉದಾಹರಣೆಯಿಂದ ವಿವರಿಸಿದರು. 2001ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ದೊರೆಯಿತು. ಆ ಲೇಖನದಲ್ಲಿಯೇ ಅವರು ಭಾರತದ ಗೃಹಿಣಿ ಪೇಟೆಯ ಅಕ್ಕಿಯಲ್ಲಿ ಬೇಕೆಂದೇ ಬೆರೆಸಿದ ಕಲ್ಲನ್ನು ಆರಿಸುವುದನ್ನು ಪ್ರಸ್ತಾಪಿಸಿದ್ದಾರೆ. ಧಾರವಾಡದ ಹತ್ತಿಯ ವರ್ತಕರಿಗೆ ಈ ಸಿದ್ಧಾಂತ ನೂರು ವರ್ಷ ಮೊದಲೇ ನಷ್ಟದ ರೂಪದಲ್ಲಿ ತಿಳಿದಿತ್ತು.

ಸರಕಾರ ಸುಮ್ಮನಿರಲಿಲ್ಲ. ಹತ್ತಿಯ ಮೋಸವನ್ನು ದಂಡಿಸುವ ನಿಬಂಧನೆ 1829ರಲ್ಲಿಯೇ ಮುಂಬಯಿ ಪ್ರಾಂತದಲ್ಲಿ ಬಂದಿತ್ತು. 1863ರಲ್ಲಿ ಅದಕ್ಕಿಂತ ಉಗ್ರವಾದ ಹತ್ತಿ ವಂಚನೆ ನಿವಾರಣಾ ಕಾಯಿದೆ ಬಂದಿತು. ತಪಾಸಣಾಧಿಕಾರಿಗಳು ನೇಮಕಗೊಂಡರು, ಕಲಬೆರಕೆಯ ಮಾಲನ್ನು ಮುಟ್ಟುಗೋಲು ಹಾಕುವ ಅಧಿಕಾರ ಬಂದಿತು, ತಪಾಸಣೆಯ ವೆಚ್ಚಕ್ಕೆಂದು ಬೇಲಿನ ಮೇಲೆ ಶುಲ್ಕ ಬಿದ್ದಿತು. ಕೆಲಕಾಲ ಹತ್ತಿ ಸುಧಾರಿಸಿತೆಂದು ಅಧಿಕಾರಿಗಳು ಬರೆದರು. ವರ್ತಕರು ಮಾತ್ರ ಇದನ್ನು ಒಪ್ಪಲಿಲ್ಲ. ಪ್ರಾಮಾಣಿಕನೂ ಶುಲ್ಕ ತೆತ್ತು ತಪಾಸಣೆಯ ಉಪದ್ರವವನ್ನು ಸಹಿಸಬೇಕಾಯಿತೆಂಬುದು ಅವರ ಆಕ್ಷೇಪ. 1880ರ ದಶಕದಲ್ಲಿ ಈ ವ್ಯವಸ್ಥೆಯನ್ನು ಕೈಬಿಡಲಾಯಿತು. ತಪಾಸಣಾಧಿಕಾರಿ ಮಾಲನ್ನು ನೋಡುತ್ತಿದ್ದನೇ ಹೊರತು ತಾನು ನೋಡಿ ಬಿಟ್ಟ ಬೇಲಿನಲ್ಲಿ ಕಸ ಹೊರಟರೆ ಲಿವರ್‌ಪೂಲಿನವನಿಗೆ ಹಣ ಕಟ್ಟಿಕೊಡುವವನಾಗಿರಲಿಲ್ಲ. ನನಗೆ ತೋರುವಂತೆ ಆ ವ್ಯವಸ್ಥೆಯ ದೌರ್ಬಲ್ಯ ಇದ್ದುದು ಅಲ್ಲಿಯೇ.

ಅದಕ್ಕಿಂತ ಹೆಚ್ಚು ಬಾಳಿಕೆಯ ಉಪಾಯವೊಂದು 1925ರಲ್ಲಿ ಬಂದಿತು. ಹತ್ತಿಯ ಜಿನ್ನಿಂಗ್, ಪ್ರೆಸ್ಸಿಂಗ್ ಕಾರ್ಖಾನೆಗಳ ಕಾಯಿದೆಯ ಪ್ರಕಾರ ಪ್ರತಿಯೊಂದು ಬೇಲಿನ ಮೇಲೆ ಅದನ್ನು ಒತ್ತಿದ ಪ್ರೆಸ್ಸಿನ ಗುರುತು, ಕ್ರಮಸಂಖ್ಯೆ ಎರಡೂ ಇರಬೇಕಾಯಿತು. ನೋಡುವುದಕ್ಕೆ ಇದು ಗುಮಾಸ್ತಗಿರಿಯ ಸಣ್ಣ ಕೆಲಸ. ಆದರೆ 'ಧಾರವಾಡದ ಹತ್ತಿ' ಎಂಬ ಒಟ್ಟು ಹೆಸರಿನ ಹಿಂದೆ ಅಡಗಿದ್ದವನು ಈಗ ಒಂದು ಸಂಖ್ಯೆಯ ಮೂಲಕ ಸಿಕ್ಕಿಬೀಳುವಂತಾದನು. ಊರಿನ ಹೆಸರು ಕೆಡುವುದರ ಬದಲು ಕೆಡಿಸಿದವನ ಹೆಸರು ಕೆಡುವಂತಾಯಿತು.

ಅಡತಿಯ ವ್ಯವಸ್ಥೆಯನ್ನು ನಾನು ಹೊಗಳುತ್ತಿರುವುದರಿಂದ ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಕೊಲ್ಲಾಪುರದ ಗಿರಾಕಿಗೆ ಅಂಗಡಿ ಪಕ್ಕಾ ಆಗಿತ್ತು, ಸರಿ. ಅದೇ ಅಂಗಡಿ ರೈತನಿಗೆ ಹೇಗಿತ್ತು? 1928ರ ರಾಜಕೀಯ ಕೃಷಿ ಆಯೋಗ ದೇಶದ ಪೇಟೆಗಳನ್ನು ವಿಚಾರಿಸಿ, ತೂಕದಲ್ಲಿ ಮೋಸ, ನಾನಾ ಹೆಸರಿನ ಕಡಿತ, ರೈತನಿಗೆ ಕಾಣದಂತೆ ಬಟ್ಟೆಯ ಕೆಳಗೆ ಬೆರಳು ಹಿಡಿದು ದರ ಗೊತ್ತುಮಾಡುವ ಪದ್ಧತಿ ಇಂತಹವುಗಳ ನಿವಾರಣೆಗೆ ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದು ಸಲಹೆ ಮಾಡಿತು. ದೂರದ ಗಿರಾಕಿಯ ವಿಶ್ವಾಸಕ್ಕೆ ತೆತ್ತ ಬೆಲೆಯಲ್ಲಿ ಒಂದಂಶ ರೈತನ ಚೀಲದಿಂದ ಹೋಗಿರಬಹುದು. 'ಅಂಗಡಿ ಖರ್ಚು' ಎಂದು ಬರೆದ ಹಣ ವರ್ಷದ ಕೊನೆಗೆ ಯಾರ ಕಡಿತದಲ್ಲಿ ಸೇರಿಹೋಯಿತೆಂಬುದನ್ನು ನನ್ನ ತಂದೆಯವರು ಹೇಳಿದ್ದಿಲ್ಲ. ಇಂದಿನ ಅಂತರ್ಜಾಲದ ಪೇಟೆಯಲ್ಲಿಯೂ ಗಿರಾಕಿ ಮರಳಿಸಿದ ಮಾಲಿನ ಭಾರ ಹಲವೊಮ್ಮೆ ಸಣ್ಣ ವರ್ತಕನ ತಲೆಗೇ ಬರುತ್ತದೆ.

ಪೇಟೆಯ ವರ್ತಕರನ್ನು ಬಿಟ್ಟು ಮನೆಯ ಗ್ರಾಹಕರ ಕಡೆಗೆ ಬಂದರೆ, ಅವರಿಗೆ ಮೊದಲು ದೊರೆತ ಪಕ್ಕಾ ಅಡತಿ ಅಂಚೆಯ ಇಲಾಖೆ. 1877ರಲ್ಲಿ ಭಾರತದ ಅಂಚೆ ವ್ಯಾಲ್ಯೂ ಪೇಯಬಲ್ ಪದ್ಧತಿಯನ್ನು, ಅಂದರೆ ನಮ್ಮ ಹಿರಿಯರು 'ವಿ.ಪಿ.' ಎಂದು ಕರೆಯುತ್ತಿದ್ದುದನ್ನು, ಆರಂಭಿಸಿತು. ಮನಿಯಾರ್ಡರ್ 1880ರಲ್ಲಿ ಬಂದಿತು. ಪಾರ್ಸಲನ್ನು ತಂದ ಅಂಚೆಯವನ ಕೈಯಲ್ಲಿ ಹಣವಿಟ್ಟರೆ ಅವನು ಪಾರ್ಸಲನ್ನು ಕೊಡುವನು. ಆ ಹಣವನ್ನು ಇಲಾಖೆ ಕಳುಹಿಸಿದವನಿಗೆ ಮುಟ್ಟಿಸುವುದು. ಕೈಗಡಿಯಾರ, ಪುಸ್ತಕ, ಪಂಚಾಂಗ, ಔಷಧ ಇವೆಲ್ಲ ಹೀಗೆ ಹಳ್ಳಿಹಳ್ಳಿಗೆ ಹೋದವು. ಆದರೆ ಇದರಲ್ಲಿ ಮಾರುವವನಿಗೆ ದೊರೆತಷ್ಟು ರಕ್ಷಣೆ ಕೊಳ್ಳುವವನಿಗೆ ದೊರೆಯಲಿಲ್ಲ. ಪಾರ್ಸಲನ್ನು ಬಿಚ್ಚಿ ನೋಡುವುದು ಹಣ ಕೊಟ್ಟ ಮೇಲೆಯೇ. ಕೇಳದವರಿಗೂ ವಿ.ಪಿ. ಕಳುಹಿಸಿ ಹಣ ಕೀಳುವವರು ಹುಟ್ಟಿಕೊಳ್ಳಬಹುದಾಗಿತ್ತು. ಆದುದರಿಂದ 1898ರ ಅಂಚೆ ಕಾಯಿದೆ ಎರಡು ಮುಖ್ಯ ಸಂಗತಿಗಳಿಗೆ ಎಡೆಮಾಡಿತು: ನಿಜವಾಗಿ ಬಂದ ಬೇಡಿಕೆಯ ಮೇರೆಗೆ ಮಾಲು ಕಳುಹಿಸುತ್ತಿದ್ದೇನೆಂದು ಮಾರುವವನು ಘೋಷಿಸಬೇಕು, ವಂಚನೆ ಕಂಡುಬಂದಲ್ಲಿ ಇಲಾಖೆ ಹಣವನ್ನು ತಡೆಹಿಡಿದು ಗ್ರಾಹಕನಿಗೆ ಮರಳಿಸಬಹುದು. ನಡುವಿನವನು ತನ್ನ ಕೈಯಲ್ಲಿರುವ ಹಣಕ್ಕೆ ಹೊಣೆಗಾರನೆಂಬುದನ್ನು ಸರಕಾರವೇ ಕಾಗದದ ಮೇಲೆ ಒಪ್ಪಿಕೊಂಡಂತಾಯಿತು.

ಧಾರವಾಡದವರಿಗೆ ಇನ್ನೊಂದು ಉದಾಹರಣೆ ಹೃದಯಕ್ಕೆ ಹತ್ತಿರವಾದುದು. 1933ರಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರ ಬಲದ ಮೇಲೆ ನಡೆದ ಪ್ರಕಾಶನ. ಓದುಗರು ಮೊದಲೇ ಚಂದಾ ಸಲ್ಲಿಸುತ್ತಿದ್ದರು. ಪುಸ್ತಕಗಳು ಅನಂತರ ಅವರ ಮನೆಗೆ ಬರುತ್ತಿದ್ದವು. ಬರಲಿರುವ ಪುಸ್ತಕವನ್ನು ಕಾಣದೆಯೇ ಹಣ ಕೊಡುವುದೆಂದರೆ ಇಳಕಲ್ ಸೀರೆಯನ್ನು ಚಿತ್ರವೂ ಇಲ್ಲದೆ ಕೊಂಡಂತೆ. ಯಾವ ಕಾಯಿದೆಯೂ ಈ ಓದುಗರಿಗೆ ಭರವಸೆ ಕೊಟ್ಟಿರಲಿಲ್ಲ. ಸುಭಾಸ ರಸ್ತೆಯ 'ಅಟ್ಟ'ದಲ್ಲಿ ಕುಳಿತವರು ಯಾರು, ಅವರ ಅಭಿರುಚಿ ಎಂತಹದು ಎಂಬುದನ್ನು ಹಿಂದಿನ ವರ್ಷದ ಪುಸ್ತಕಗಳೇ ಹೇಳಿದ್ದವು. ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಬಂದುದು ಈ ಮಾಲೆಯಲ್ಲಿಯೇ. ಹೆಸರಿಲ್ಲದ ತರುಣನೊಬ್ಬನ ಪುಸ್ತಕಕ್ಕೆ ಚಂದಾದಾರರು ಹಣ ಕೊಟ್ಟಿದ್ದು ಗ್ರಂಥಮಾಲೆಯ ಹೆಸರನ್ನು ನಂಬಿ. ಕೆಟ್ಟ ಪುಸ್ತಕ ಬಂದಿದ್ದರೆ ಲೇಖಕನನ್ನು ಕೇಳಿರೆಂದು ಹೇಳಿ ಪ್ರಕಾಶಕರು ಕೈತೊಳೆದುಕೊಳ್ಳುವಂತಿರಲಿಲ್ಲ. ಮರುವರ್ಷದ ಚಂದಾ ಬರುತ್ತಿರಲಿಲ್ಲ.

ಅಂತರ್ಜಾಲದ ಮಾರಾಟ ಭಾರತದಲ್ಲಿ ಬೇರೂರಿದ ಬಗೆಯನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಅದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. 2002ರಲ್ಲಿ ರೈಲ್ವೆ ಇಲಾಖೆಯ ಐ.ಆರ್.ಸಿ.ಟಿ.ಸಿ. ಅಂತರ್ಜಾಲದಲ್ಲಿ ಟಿಕೇಟು ಮಾರಲಾರಂಭಿಸಿತು. ಮೊದಮೊದಲು ಆ ಟಿಕೇಟು ಕೊರಿಯರ್ ಮೂಲಕ ಮನೆಗೆ ಬರುತ್ತಿತ್ತು. ಕಾಣದ ತಾಣಕ್ಕೆ ಹಣ ಕಳುಹಿಸುವ ಧೈರ್ಯವನ್ನು ಮಧ್ಯಮ ವರ್ಗದ ಅನೇಕರು ಕಲಿತದ್ದು ಅಲ್ಲಿ. ಟಿಕೇಟು ಬಾರದಿದ್ದರೂ ರೈಲ್ವೆ ಓಡಿಹೋಗುವುದಿಲ್ಲವೆಂಬುದು, ರೈಲಿನಿಂದಲೇ ಬೆಳೆದ ಹುಬ್ಬಳ್ಳಿಯಂತಹ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 2007ರಲ್ಲಿ ಬೆಂಗಳೂರಿನಲ್ಲಿ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಎಂಬ ಇಬ್ಬರು ತರುಣರು ಫ್ಲಿಪ್‌ಕಾರ್ಟ್ ಎಂಬ ಸಂಸ್ಥೆಯನ್ನು ತೆರೆದು ಮೊದಲು ಪುಸ್ತಕಗಳನ್ನೇ ಮಾರಿದರು. ಪುಸ್ತಕದ ಆಯ್ಕೆ ವಿವೇಕದ್ದಾಗಿತ್ತು. ಒಂದೇ ಮುದ್ರಣದ ಪ್ರತಿ ಎಲ್ಲಿ ಕೊಂಡರೂ ಒಂದೇ. ತೂಕ, ಎಳೆ, ಬಣ್ಣಗಳ ಸಂದೇಹ ಅದರಲ್ಲಿಲ್ಲ. 2010ರಲ್ಲಿ ಆ ಸಂಸ್ಥೆ, ಮಾಲು ಕೈಗೆ ಬಂದ ಮೇಲೆ ಹಣ ಕೊಡುವ ಏರ್ಪಾಡನ್ನು ತಂದಿತು. ವ್ಯಾಪಾರ ವೃದ್ಧಿಯಾಗಲು ಇದು ದೊಡ್ಡ ಕಾರಣವಾಯಿತು. ನೂರಮೂವತ್ತಮೂರು ವರ್ಷ ಹಿಂದಿನ ವಿ.ಪಿ. ಪದ್ಧತಿ ಹೊಸ ಅಂಗಿ ತೊಟ್ಟು ಬಂದಿತ್ತು.

ಹೊಸದಾಗಿ ಬಂದುದು ಇನ್ನೊಂದು: ಕೊಂಡವರೆಲ್ಲರ ಅಭಿಪ್ರಾಯವನ್ನು ಬರೆಯಿಸಿ, ನಕ್ಷತ್ರಗಳಿಂದ ಅಂಕ ಹಾಕಿಸಿ, ಮುಂದೆ ಕೊಳ್ಳುವವರಿಗೆ ತೋರಿಸುವ ಪದ್ಧತಿ. ಹಿಂದೆ ನೆರೆಮನೆಯವರನ್ನು ಕೇಳುತ್ತಿದ್ದೆವು. ಈಗ ಸಾವಿರಾರು ಅಪರಿಚಿತರನ್ನು ಕೇಳುತ್ತೇವೆ. ನೆರೆಮನೆಯವಳು ಸುಳ್ಳು ಹೇಳಿದರೆ ಮರುದಿನ ಮುಖ ತೋರಿಸಬೇಕು. ಅಪರಿಚಿತನಿಗೆ ಆ ಭಯವಿಲ್ಲ, ಹಣ ಪಡೆದು ಬರೆಯುವವರೂ ಇದ್ದಾರೆ. ಭಾರತೀಯ ಮಾನಕ ಬ್ಯೂರೋ 2022ರ ನವೆಂಬರಿನಲ್ಲಿ ಇಂತಹ ಅಭಿಪ್ರಾಯಗಳ ಸಂಗ್ರಹ, ಪ್ರಕಟಣೆಗಳಿಗಾಗಿಯೇ ಒಂದು ಮಾನಕವನ್ನು ಹೊರಡಿಸಿತು. ಅದರ ಪಾಲನೆಯನ್ನು ಮಾತ್ರ ಐಚ್ಛಿಕವಾಗಿ ಇಟ್ಟಿತು.

ನಮ್ಮ ಓದುಗರಿಗೆ ಈ ಸಂದರ್ಭದಲ್ಲಿ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ನೆನಪಾಗದಿರದು. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು. ಒಬ್ಬನು ಆಡದ ಮಾತನ್ನು, ಮಾಡದ ಕೆಲಸವನ್ನು ಇನ್ನೊಬ್ಬರ ಪ್ರೇರಣೆಯಿಂದ, ಅವನೇ ಆಡಿದನು, ಮಾಡಿದನು ಎಂದು ವಂಚನೆಗಾಗಿ ಬರೆಯುವುದೇ ಅದು ಎಂಬುದು ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಕೊಡುವ ವಿವರಣೆಯ ತಾತ್ಪರ್ಯ. ಕೊಳ್ಳದವನ ಹೆಸರಿನಲ್ಲಿ ಬರೆಯಿಸಿದ ಹೊಗಳಿಕೆಗೆ ಇದಕ್ಕಿಂತ ನಿಖರವಾದ ಲಕ್ಷಣವನ್ನು ಇಂದಿನ ಯಾವ ನಿಯಮದಲ್ಲಿಯೂ ನಾನು ಕಂಡಿಲ್ಲ. ಅಚೌರ್ಯದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಪ್ರತಿರೂಪಕ ವ್ಯವಹಾರವೂ ಬರುತ್ತವೆ. ಮೊದಲನೆಯದು ತೂಕ ಅಳತೆಗಳ ಮೋಸ. ಎರಡನೆಯದು ಕೃತಕ ವಸ್ತುವನ್ನು ನಿಜದ್ದೆಂದು 'ಇಳಕಲ್' ಮಾಡಿ ಮಾರುವುದು.

ಇವುಗಳಿಗಿಂತ ಸೂಕ್ಷ್ಮವಾದುದು ನ್ಯಾಸಾಪಹಾರ. ಅದು ಕಳವಿನ ಪ್ರಕರಣದಲ್ಲಿ ಬರದೆ ಸತ್ಯದ ಪ್ರಕರಣದಲ್ಲಿ ಬರುವುದನ್ನು ಗಮನಿಸಬೇಕು. ಒತ್ತೆಯಿಟ್ಟವನು ತಾನಿಟ್ಟ ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ಹೌದು, ಅಷ್ಟೇ ಎಂದು ಒಪ್ಪಿಬಿಡುವುದು ನ್ಯಾಸಾಪಹಾರ. ಕೈಯಿಂದ ಏನನ್ನೂ ಕದ್ದಿಲ್ಲ. ಒಂದು ಮಾತಿಗೆ ಹೂಂ ಎಂದದ್ದಷ್ಟೆ. ಗ್ರಾಹಕನ ಹಣ ಮಾಲು ಮುಟ್ಟುವವರೆಗೆ, ಮರಳಿಸುವ ಅವಧಿ ಮುಗಿಯುವವರೆಗೆ ನಡುವಿನವರ ಬಳಿ ನ್ಯಾಸವಾಗಿಯೇ ಇರುತ್ತದೆ. ಅವಧಿ ತಿಳಿಯದೆ, ಅರ್ಜಿಯ ದಾರಿ ಕಾಣದೆ ಗ್ರಾಹಕನು ಸುಮ್ಮನಾದಾಗ ಆ ಹಣ ಎಲ್ಲಿ ಉಳಿಯುತ್ತದೆಂಬುದನ್ನು ಲೆಕ್ಕ ಇಡುವವರೇ ಬಲ್ಲರು.

ಕಾನೂನಿನ ವಿಷಯಕ್ಕೆ ಬಂದರೆ, 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 79ನೆಯ ಕಲಮು ನಡುವಿನವರಿಗೆ ಕೆಲವು ನಿಬಂಧನೆಗಳೊಂದಿಗೆ ಹೊಣೆಯಿಂದ ವಿನಾಯಿತಿ ಕೊಟ್ಟಿದೆ. ಪೇಟೆಯ ಭಾಷೆಯಲ್ಲಿ ಹೇಳುವುದಾದರೆ ಅದು ಅವರನ್ನು ಕಚ್ಚಾ ಅಡತಿಯವರೆಂದು ಭಾವಿಸಿದೆ. ಆದರೆ ಅವರ ಜಾಹೀರಾತು, ಅವರ ಪೆಟ್ಟಿಗೆ, ಅವರ ಅಂಟುಪಟ್ಟಿ, ಬಾಗಿಲಿಗೆ ಬರುವ ಹುಡುಗನ ಅಂಗಿ ಎಲ್ಲವೂ ಪಕ್ಕಾ ಅಡತಿಯ ಭರವಸೆಯನ್ನು ಸಾರುತ್ತವೆ. ಕಮಿಷನ್ ಪಕ್ಕಾ, ಹೊಣೆ ಕಚ್ಚಾ. ಗಿರಾಕಿಯ ಸಿಟ್ಟನ್ನೆಲ್ಲ ಎದುರಿಸುವವನು ಆ ಹುಡುಗ. ಅವನ ಕೈಯಲ್ಲಿ ಏನೂ ಇರುವುದಿಲ್ಲ. ಹುಬ್ಬಳ್ಳಿಯ ಹಳೆಯ ಪೇಟೆ ಇಂತಹ ವ್ಯವಸ್ಥೆಯನ್ನು ಒಪ್ಪುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ. ಎರಡರಲ್ಲಿ ಯಾವುದೆಂದು ಬೋರ್ಡಿನ ಮೇಲೆ ಬರೆಯಿರಿ ಎಂದು ಅದು ಕೇಳುತ್ತಿತ್ತು.

ಇತ್ತೀಚಿನ ಶಾಸನಗಳು ಈ ಕಡೆಗೆ ಕೆಲವು ಹೆಜ್ಜೆ ಇಟ್ಟಿವೆ. 2020ರ ಜುಲೈನಲ್ಲಿ ಬಂದ ಇ-ವಾಣಿಜ್ಯ ನಿಯಮಗಳಂತೆ ಮಾರುವವನ ಹೆಸರು, ವಿಳಾಸಗಳನ್ನು ತಾಣದಲ್ಲಿ ತೋರಿಸಬೇಕು. ದೂರು ತಲುಪಿದ 48 ಗಂಟೆಗಳಲ್ಲಿ ಸ್ವೀಕೃತಿ ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. 1925ರ ಬೇಲಿನ ಗುರುತು ಇಲ್ಲಿ ಮತ್ತೆ ಕಾಣುತ್ತದೆ. 2021ರ ಜೂನಿನಲ್ಲಿ ಪ್ರಕಟವಾದ ತಿದ್ದುಪಡಿಯ ಕರಡು, ಮಾರುವವನು ಮಾಲು ಮುಟ್ಟಿಸದೆ ಗ್ರಾಹಕನಿಗೆ ನಷ್ಟವಾದರೆ ತಾಣವೇ ಹೊಣೆ ಹೊರಬೇಕೆಂದು ಸೂಚಿಸಿತ್ತು. ಅದೇ ಪಕ್ಕಾ ಅಡತಿ. ಮುಂದಿನ ವರ್ಷಗಳಲ್ಲಿ ಆ ಸೂಚನೆ ಕರಡಿನಲ್ಲಿಯೇ ಉಳಿಯಿತು. ಎಲ್ಲಕ್ಕಿಂತ ಉಪಯುಕ್ತವಾದ ಬದಲಾವಣೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯದು. 1986ರ ಕಾಯಿದೆಯಂತೆ ಎದುರು ಪಕ್ಷದವನು ಇರುವಲ್ಲಿಯೋ ವ್ಯಾಜ್ಯದ ಕಾರಣ ಹುಟ್ಟಿದಲ್ಲಿಯೋ ದೂರು ಕೊಡಬೇಕಾಗಿತ್ತು. ಈಗ ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ತೆತ್ತ ಬೆಲೆ ಐದು ಲಕ್ಷ ರೂಪಾಯಿಗಳವರೆಗಿದ್ದರೆ ಶುಲ್ಕವೂ ಇಲ್ಲ. ಸೂರತ್ತಿನ ವರ್ತಕ ಧಾರವಾಡಕ್ಕೆ ಬಂದು ಉತ್ತರ ಹೇಳಬೇಕಾಗುತ್ತದೆ.

ತಂಗಿಯ ಮಗಳು ಕೊನೆಗೆ ಅದನ್ನೇ ಮಾಡಲು ನಿಶ್ಚಯಿಸಿ, ಮೊದಲು ಒಂದು ನೋಟೀಸು ಕಳುಹಿಸಿದಳು. ಹದಿನೆಂಟು ದಿನಗಳ ಅನಂತರ ಹಣ ಅವಳ ಖಾತೆಗೆ ಮರಳಿತು. ಯಾರು ಮರಳಿಸಿದರು, ವರ್ತಕನೋ ತಾಣದವರೋ ಎಂಬುದು ಬಂದ ಸಂದೇಶದಲ್ಲಿರಲಿಲ್ಲ. ಅಷ್ಟರಲ್ಲಿ ಮದುವೆ ಮುಗಿದಿತ್ತು. ಮದುವೆಯ ಸೀರೆಯನ್ನು ನಾವು ಹುಬ್ಬಳ್ಳಿಯ ಜವಳಿ ಸಾಲಿನಲ್ಲಿ, ಸೆರಗನ್ನು ಬಿಚ್ಚಿಸಿ, ಬೆಳಕಿಗೆ ಹಿಡಿದು ನೋಡಿ ಕೊಂಡಿದ್ದೆವು. ಆಕೆ ಅಂತರ್ಜಾಲದ ಖರೀದಿಯನ್ನು ಬಿಟ್ಟಿಲ್ಲ. ಹೊಸ ವರ್ತಕನಿಂದ ಮೊದಲು ನೂರು, ಇನ್ನೂರು ರೂಪಾಯಿಗಳ ಸಣ್ಣ ವಸ್ತುವನ್ನು ತರಿಸಿ ನೋಡುತ್ತಾಳೆ. ಮಾರುವವನ ಊರು, ವಿಳಾಸಗಳನ್ನು ಹುಡುಕಿ ಓದಿ ಒಂದು ವಹಿಯಲ್ಲಿ ಬರೆದಿಟ್ಟುಕೊಳ್ಳುತ್ತಾಳೆ. ಹೊಸ ಗಿರಾಕಿಗೆ ಮೊದಲ ಸಲ ಐದು ಚೀಲಕ್ಕಿಂತ ಹೆಚ್ಚು ಉದ್ರಿ ಕೊಡುತ್ತಿರದ ತಂದೆಯವರ ಅಂಗಡಿಯಲ್ಲಿಯೂ ಅಂತಹ ಒಂದು ವಹಿ ಇತ್ತು.